ಮೂಗಿಗೆ ಬಡಿದದ್ದು ಮೊಬೈಲಿನಲ್ಲಿ ಏಕೆ ಕಾಣುವುದಿಲ್ಲ?

ಕಲ್ಯಾಣದಿಂದ ಅಂಬರನಾಥ, ಬದಲಾಪುರದ ಕಡೆಗೆ ದಿನವೂ ಲೋಕಲ್‌ನಲ್ಲಿ ಓಡಾಡುವವರಿಗೆ ವಾಲಧುನಿ ನದಿಯ ಪರಿಚಯ ಹೇಳಬೇಕಿಲ್ಲ. ವಿಠ್ಠಲವಾಡಿಯ ಆಸುಪಾಸಿನಲ್ಲಿ ಅದು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುತ್ತದೆ. ಅಂಬರನಾಥದ ಬಳಿಯ ಗುಡ್ಡಗಳಲ್ಲಿ ಹುಟ್ಟಿ, 1060ರ ಕಾಲದ ಶಿವಾಲಯದ ಮಗ್ಗುಲಲ್ಲೇ ಹಾದು, ಉಲ್ಲಾಸನಗರದ ನಡುವೆ ಇಳಿದು, ಕಲ್ಯಾಣದ ಖಾಡಿ ಸೇರುವ ಈ ನದಿಯನ್ನು ಈಗ ಬಹಳ ಮಂದಿ ನಾಲಾ ಎಂದೇ ಕರೆಯುತ್ತಾರೆ. ರಾತ್ರಿ ಹೊತ್ತು ಅದರ ವಾಸನೆ ಕಿಟಕಿಯಿಂದ ನುಗ್ಗಿದಾಗ ಜನ ಮೊಬೈಲ್ ತೆಗೆದು ಎಕ್ಯೂಐ ನೋಡುತ್ತಾರೆ. ಇತ್ತ ಗಂಟಲು ಉರಿಯುತ್ತಿರುತ್ತದೆ, ಅತ್ತ ಪರದೆಯ ಮೇಲೆ ‘ಸಮಾಧಾನಕರ’ ಎಂದಿರುತ್ತದೆ.

ಯಂತ್ರ ಸುಳ್ಳು ಹೇಳುತ್ತಿಲ್ಲ. ನಾವು ಕೇಳುತ್ತಿರುವ ಪ್ರಶ್ನೆಯೇ ಅದಕ್ಕೆ ಗೊತ್ತಿಲ್ಲ. 2015ರಿಂದ ಜಾರಿಯಲ್ಲಿರುವ ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದ, ಅಂದರೆ ಎಕ್ಯೂಐಯ ಲೆಕ್ಕಕ್ಕೆ ಬರುವುದು ಎಂಟು ಪದಾರ್ಥಗಳು: ದೂಳಿನ ಕಣಗಳಾದ ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ ಮತ್ತು ಸೀಸ. ಕೊಳೆತ ಮೊಟ್ಟೆಯ ವಾಸನೆ ಬೀರುವ ಹೈಡ್ರೋಜನ್ ಸಲ್ಫೈಡ್ ಆ ಪಟ್ಟಿಯಲ್ಲಿಲ್ಲ. ರಾಸಾಯನಿಕ ಕಾರ್ಖಾನೆಗಳ ದ್ರಾವಕಗಳ ಆವಿಯೂ ಇಲ್ಲ. ಹಾಗಾಗಿ ನಾಲಾದಿಂದ ಎದ್ದ ಗಾಳಿ ಎಷ್ಟೇ ಕೆಟ್ಟದ್ದಾದರೂ ಎಕ್ಯೂಐ ಅಲುಗಾಡದೆ ಇರಬಹುದು. ವಿಠ್ಠಲವಾಡಿ, ಉಲ್ಲಾಸನಗರ, ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತ ಇರುವವರು ಮೊದಲು ತಿಳಿದಿರಬೇಕಾದ ಸಂಗತಿ ಇದೇ ಎಂದು ನನಗೆ ಅನ್ನಿಸುತ್ತದೆ. ಪ್ರತಿ ಸೆನ್ಸಾರ್‌ಗೂ ತಾನು ನೋಡಬಲ್ಲದ್ದು ಒಂದು, ನೋಡಲಾರದ್ದು ಹತ್ತು. ನಿಮ್ಮ ಮನೆಗೆ ಯಾವ ಅಪಾಯ ಹತ್ತಿರ ಎಂದು ಗುರುತಿಸಿ, ಆಮೇಲೆ ಸೆನ್ಸಾರ್ ಆರಿಸಿ.

ಇನ್ನೊಂದು ಕಾರಣ ಸರಾಸರಿ. ದೂಳಿನ ಕಣಗಳಿಗೆ ಎಕ್ಯೂಐ ತೆಗೆದುಕೊಳ್ಳುವುದು 24 ಗಂಟೆಗಳ ಸರಾಸರಿ. ಒಂದು ಲೆಕ್ಕ ಮಾಡಿ ನೋಡೋಣ. ದಿನದ 22 ಗಂಟೆ ಪಿಎಂ 2.5 ಪ್ರತಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಇದ್ದು, ನಡುರಾತ್ರಿ ಯಾರೋ ಕಸಕ್ಕೆ ಬೆಂಕಿ ಹಚ್ಚಿ ಎರಡು ಗಂಟೆ ಕಾಲ 350ಕ್ಕೆ ಏರಿತು ಎಂದುಕೊಳ್ಳಿ. ದಿನದ ಸರಾಸರಿ 75. ಸೂಚ್ಯಂಕ 150ರ ಒಳಗೇ, ಅಂದರೆ ‘ಮಧ್ಯಮ’ ವರ್ಗದಲ್ಲೇ ನಿಲ್ಲುತ್ತದೆ. ಆ ಎರಡು ಗಂಟೆ ಉಬ್ಬಸದ ಮಗುವನ್ನು ಎತ್ತಿಕೊಂಡು ಕೂತವರಿಗೆ ಈ ‘ಮಧ್ಯಮ’ದಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಸರ್ಕಾರದ ಸಮೀರ್ ಆ್ಯಪ್ ನೋಡುವಾಗ ದೊಡ್ಡಕ್ಷರದ ಅಂಕೆಯ ಜೊತೆಗೆ ಗಂಟೆ ಗಂಟೆಯ ಏರಿಳಿತವನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಂಕೆ ಬಂದದ್ದು ಯಾವ ಕೇಂದ್ರದಿಂದ ಎಂಬುದೂ ಮುಖ್ಯ. ಈ ಭಾಗದಲ್ಲಿ ಕಲ್ಯಾಣದ ಖಡಕ್‌ಪಾಡಾ, ಉಲ್ಲಾಸನಗರದ ಸಿದ್ಧಿವಿನಾಯಕ ನಗರ, ಬದಲಾಪುರದ ಕಾತ್ರಪ್, ಭಿವಂಡಿಯ ಗೋಕುಲ ನಗರ, ನವಿ ಮುಂಬಯಿಯ ಮಹಾಪೆ, ನೆರೂಳ್ ಮೊದಲಾದೆಡೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರಗಳಿವೆ. ಖಡಕ್‌ಪಾಡಾದ ಅಂಕೆ ನಿಮ್ಮ ಗಲ್ಲಿಯ ಅಂಕೆಯಲ್ಲ. ಖಾಸಗಿ ಆ್ಯಪ್‌ಗಳಲ್ಲಿ ಇನ್ನೊಂದು ತೊಡಕಿದೆ: ಅನೇಕವು ಅಮೆರಿಕದ ಅಳತೆಗೋಲು ಬಳಸುತ್ತವೆ. ಪಿಎಂ 2.5 ಸರಿಯಾಗಿ 60 ಇದ್ದಾಗ ಭಾರತದ ಸೂಚ್ಯಂಕ 100 ಎಂದರೆ ಅಮೆರಿಕದ್ದು 150 ದಾಟಿರುತ್ತದೆ. ಎರಡು ಆ್ಯಪ್ ಎರಡು ಮಾತಾಡಿದರೆ ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಅಂಕೆಯನ್ನೇ ಹೋಲಿಸಿ. ನಮ್ಮ ದೇಶದ ಮಿತಿ ದಿನಕ್ಕೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಈ ಪ್ರದೇಶಕ್ಕೆ ಇಷ್ಟು ಎಚ್ಚರ ಬೇಕೆ ಎನ್ನುವವರಿಗೆ ಕೆಲವು ತಾರೀಖುಗಳು ಸಾಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಡೊಂಬಿವಲಿ, ನವಿ ಮುಂಬಯಿ ಎರಡೂ ‘ಅತಿ ಗಂಭೀರ’ ಪಟ್ಟಿಯಲ್ಲಿದ್ದವು. 2014ರ ನವೆಂಬರ್ ಕೊನೆಯಲ್ಲಿ ಉಲ್ಲಾಸನಗರದಲ್ಲಿ ವಾಲಧುನಿಗೆ ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯ ಸುರಿದಾಗ ಎದ್ದ ಅನಿಲಕ್ಕೆ ನೂರಾರು ಜನ ಉಸಿರು ಕಟ್ಟಿ, ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಕಾರ್ಖಾನೆಗಳು ಸ್ಫೋಟಿಸಿ ಜೀವಗಳು ಹೋದವು. ತಳೋಜಾದಲ್ಲಿ 2017ರ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಣ್ಣದಿಂದ ಬೀದಿನಾಯಿಗಳ ಮೈ ನೀಲಿಯಾಗಿದ್ದನ್ನು ದೇಶವೇ ನೋಡಿತು. ಉಲ್ಲಾಸ ಮತ್ತು ವಾಲಧುನಿ ನದಿಗಳ ವಿಷಯವನ್ನು ವನಶಕ್ತಿ ಸಂಸ್ಥೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದಿತು. ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳು ಹೊಗೆ ಮತ್ತು ತ್ಯಾಜ್ಯನೀರಿಗೆ ಸದಾ ಚಾಲೂ ಇರುವ ಸೆನ್ಸಾರ್ ಹಾಕಬೇಕೆಂದು ಕೇಂದ್ರ ಮಂಡಳಿ 2014ರಲ್ಲೇ ಆದೇಶಿಸಿದೆ. ಆದರೆ ರಾತ್ರಿ ನಾಲಾದ ಸೇತುವೆಯ ಬಳಿ ಬಂದು ನಿಲ್ಲುವ ಟ್ಯಾಂಕರಿನ ಪೈಪಿಗೆ ಸೆನ್ಸಾರ್ ಇರುವುದಿಲ್ಲ. ಅಲ್ಲಿ ಜನರ ಮೂಗು, ಜನರ ಬಳಿ ಇರುವ ಸಾಧನ, ಜನರ ದಾಖಲೆ ಇವೇ ಮೊದಲ ಎಚ್ಚರಿಕೆ.

ಬಾವಿ, ಗಟಾರ, ಸೆಪ್ಟಿಕ್ ಟ್ಯಾಂಕ್

ಕಲ್ಯಾಣ ಪೂರ್ವದ ಚಕ್ಕಿನಾಕಾ ಬಳಿ 2018ರ ನವೆಂಬರ್ 1ರಂದು ಬಾವಿ ಸ್ವಚ್ಛಗೊಳಿಸಲು ಇಳಿದವರು ಮೇಲೆ ಬರಲಿಲ್ಲ. ಅವರನ್ನು ಕಾಪಾಡಲು ಇಳಿದವರೂ ಬರಲಿಲ್ಲ. ಸತ್ತ ಐವರಲ್ಲಿ ಇಬ್ಬರು ಅಗ್ನಿಶಾಮಕ ದಳದವರು. ಇಂಥ ಸಾವುಗಳ ಹಿಂದೆ ಬಹುತೇಕ ಇರುವುದು ಹೈಡ್ರೋಜನ್ ಸಲ್ಫೈಡ್ ಅಥವಾ ಆಮ್ಲಜನಕದ ಕೊರತೆ, ಇಲ್ಲವೇ ಎರಡೂ. ಹೈಡ್ರೋಜನ್ ಸಲ್ಫೈಡಿನ ಕೇಡು ಏನೆಂದರೆ, ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದಾಗಲೂ ಮೂಗು ಅದನ್ನು ಹಿಡಿಯುತ್ತದೆ. ಆದರೆ 100 ಭಾಗ, ಅಂದರೆ 100 ಪಿಪಿಎಂ ಆದಾಗ ಕೆಲವೇ ನಿಮಿಷಗಳಲ್ಲಿ ಮೂಗಿನ ಶಕ್ತಿಯೇ ಉಡುಗುತ್ತದೆ. ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದು ಒಳಗಿದ್ದವನು ನಂಬುವ ಹೊತ್ತಿಗೆ ಅವನ ಜೀವ ಅಪಾಯದಲ್ಲಿರುತ್ತದೆ. ಅನಿಲ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಮಲಗಿರುತ್ತದೆ.

ಇದಕ್ಕೆ ಇರುವ ಸಾಧನ ನಾಲ್ಕು ಅನಿಲಗಳ ಮೀಟರ್. ಅಂಗೈಯಗಲದ ಡಬ್ಬಿ, ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಮತ್ತು ಹೊತ್ತಿಕೊಳ್ಳುವ ಅನಿಲ ನಾಲ್ಕನ್ನೂ ಒಟ್ಟಿಗೆ ತೋರಿಸುತ್ತದೆ. ಮುಚ್ಚಳ ತೆರೆದು, ಹಗ್ಗ ಕಟ್ಟಿ ಇಳಿಸಿ, ಮೇಲೆ, ನಡುವೆ, ತಳದಲ್ಲಿ ಒಂದೊಂದು ಕಡೆ ಒಂದೆರಡು ನಿಮಿಷ ನಿಲ್ಲಿಸಬೇಕು, ಏಕೆಂದರೆ ಅಂಕೆ ನೆಲೆಗೊಳ್ಳಲು ಸಮಯ ಬೇಕು. ಆಮ್ಲಜನಕ ಶುದ್ಧ ಗಾಳಿಯಲ್ಲಿ ಶೇ. 20.9, ಅದು 19.5ಕ್ಕೆ ಇಳಿದರೆ ಅಥವಾ ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಸಾಮಾನ್ಯವಾಗಿ ಅಲಾರಂ ಕೂಗುತ್ತದೆ. ಕೂಗದಿದ್ದರೂ ಮನುಷ್ಯನನ್ನು ಇಳಿಸಲು ಅದು ಪರವಾನಗಿಯಲ್ಲ, ಕೆಸರನ್ನು ಕದಡಿದಾಗ ಹೊಸ ಅನಿಲ ಏಳುತ್ತದೆ. ಸೊಸೈಟಿ ಕಮಿಟಿಯಲ್ಲಿರುವವರು, ಹೋಟೆಲ್ ನಡೆಸುವ ನಮ್ಮವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು: ರಕ್ಷಣೆಯಿಲ್ಲದೆ ಯಾರನ್ನೂ ಗಟಾರಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಸಕ್ಷನ್ ಗಾಡಿ ಕರೆಸಿ. ಯಾರಾದರೂ ಒಳಗೆ ಕುಸಿದರೆ ಹಿಂದೆಯೇ ಇಳಿಯಬೇಡಿ. 101ಕ್ಕೆ ಕರೆ ಮಾಡಿ, ಸಾಧ್ಯವಾದರೆ ಗಾಳಿ ಊದುವ ಬ್ಲೋವರ್ ಚಾಲೂ ಮಾಡಿ.

ಬಾತ್‌ರೂಮಿನ ಗ್ಯಾಸ್ ಗೀಜರ್

ಹೊರಗಿನ ಹೊಗೆಯ ಬಗ್ಗೆ ಎಷ್ಟೊಂದು ಮಾತಾಡುವ ನಾವು ಬಾತ್‌ರೂಮಿನೊಳಗಿನ ಹೊಗೆಯನ್ನು ಮರೆಯುತ್ತೇವೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಗ್ಯಾಸ್ ಗೀಜರ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಕೈಕಾಲು ಸ್ವಾಧೀನ ತಪ್ಪುವುದು. ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಗೀಜರ್ ಅನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಬಾಲ್ಕನಿಗೋ ಯುಟಿಲಿಟಿಗೋ ಹಾಕಿಸುವುದೇ ನಿಜವಾದ ಪರಿಹಾರ. ಅಷ್ಟರ ಮೇಲೆ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದಿರಲಿ. ಒಳ್ಳೆಯದರ ಮೇಲೆ ಇಎನ್ 50291 ಎಂಬ ಗುರುತಿರುತ್ತದೆ. 50 ಪಿಪಿಎಂ ಇದ್ದರೆ ಒಂದು ಗಂಟೆ ಕಳೆದ ಮೇಲೆ, 100 ಇದ್ದರೆ ಹತ್ತು ನಿಮಿಷದ ಆಚೆಗೆ, 300 ಇದ್ದರೆ ಮೂರು ನಿಮಿಷದೊಳಗೆ ಅದು ಕೂಗುತ್ತದೆ. ಒಳಗಿನ ರಾಸಾಯನಿಕ ಕೋಶಕ್ಕೆ ಆಯುಸ್ಸಿದೆ. ಡಬ್ಬಿಯ ಹಿಂದೆ ಬರೆದಿರುವ ಬದಲಾವಣೆಯ ದಿನಾಂಕ ದಾಟಿದರೆ ಹಸಿರು ದೀಪ ಉರಿಯುತ್ತಿದ್ದರೂ ನಂಬಬೇಡಿ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಈ ವಿಷವನ್ನು ಗುರುತಿಸಲಾರದು. ಜಪಾನಿನ ತಕುಯೊ ಅವೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ಆ ವಿಧಾನದಲ್ಲಿ ಬೆರಳಿನ ಒಂದು ಕಡೆಯಿಂದ ಕೆಂಪು ಮತ್ತು ಅವಕೆಂಪು ಬೆಳಕು ಹಾಯುತ್ತದೆ. ಇನ್ನೊಂದು ಕಡೆ ಎಷ್ಟು ಉಳಿಯಿತು ಎಂಬುದರ ಮೇಲೆ ರಕ್ತದ ಆಮ್ಲಜನಕದ ಲೆಕ್ಕ. ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ ಆ ಬೆಳಕಿಗೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪುತ್ತಿದ್ದರೂ ಪರದೆಯ ಮೇಲೆ 98 ಇರಬಹುದು. ಗೀಜರ್ ಇರುವ ಬಾತ್‌ರೂಮಿನಿಂದ ಯಾರನ್ನಾದರೂ ಎತ್ತಿ ತಂದರೆ ಆಕ್ಸಿಮೀಟರ್ ನೋಡುತ್ತಾ ಕೂರದೆ ತೆರೆದ ಗಾಳಿಗೆ ಒಯ್ದು, 108ಕ್ಕೆ ಕರೆ ಮಾಡಿ, ಗ್ಯಾಸ್ ಗೀಜರ್ ಇತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.

ಅಡುಗೆಮನೆಯ ಗ್ಯಾಸ್ ಸೋರಿಕೆ ಅಲಾರಂ ಬೇರೆಯದು. ಅದನ್ನು ಎಲ್ಲಿ ಹಚ್ಚಬೇಕು ಎಂಬುದರಲ್ಲಿ ಈ ಭಾಗದ ಬಹಳ ಮನೆಗಳು ತಪ್ಪುತ್ತವೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಅಲಾರಂ ನೆಲದಿಂದ ಒಂದಡಿಯೊಳಗೆ ಇರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಅಲಾರಂ ಸೂರಿನ ಹತ್ತಿರ ಬೇಕು. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್‌ಗೆ ಬದಲಾದ ಮನೆಯವರು ಹಳೆಯ ಅಲಾರಂ ಅದೇ ಜಾಗದಲ್ಲಿ ಉಳಿದಿದೆಯೇ ಎಂದು ಇವತ್ತೇ ನೋಡಿ. ಎಲ್‌ಪಿಜಿ ಸೋರಿಕೆಗೆ 1906.

ಮನೆಯ ದೂಳು ಮೀಟರ್ ಎಷ್ಟು ನಂಬಿಕೆಗೆ ಅರ್ಹ?

ಕೆಲವು ಸಾವಿರ ರೂಪಾಯಿಗೆ ಸಿಗುವ ಪಿಎಂ ಮೀಟರಿನ ಒಳಗೆ ಒಂದು ಪುಟ್ಟ ಫ್ಯಾನ್, ಒಂದು ಲೇಸರ್, ಒಂದು ಬೆಳಕಿನ ಕಣ್ಣು ಇರುತ್ತವೆ. ಫ್ಯಾನ್ ಎಳೆದ ಗಾಳಿಯಲ್ಲಿನ ಕಣಗಳಿಗೆ ಲೇಸರ್ ಬಡಿದು ಚದುರುತ್ತದೆ, ಕಣ್ಣು ಆ ಮಿನುಗನ್ನು ಎಣಿಸುತ್ತದೆ. ಮಂಡಳಿಯ ಕೇಂದ್ರಗಳಲ್ಲಿ ಹಾಗಲ್ಲ. ಅಲ್ಲಿ ದೂಳನ್ನು ಫಿಲ್ಟರ್ ಪಟ್ಟಿಯ ಮೇಲೆ ಹಿಡಿದು, ಬೀಟಾ ಕಿರಣವನ್ನು ಅದು ಎಷ್ಟು ತಡೆಯಿತು ಎಂದು ನೋಡಿ ತೂಕ ಕಟ್ಟುವ ಯಂತ್ರಗಳಿರುತ್ತವೆ. ಮನೆಯ ಮೀಟರ್ ಬೆಳಕನ್ನು ಎಣಿಸಿ ತೂಕವನ್ನು ಊಹಿಸುತ್ತದೆ. ಕೊಂಕಣದ ಮಳೆಗಾಲದಲ್ಲಿ ತೇವಾಂಶ ಶೇ. 80 ದಾಟಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಮೀಟರ್ ಅದನ್ನೂ ದೂಳೆಂದೇ ಬಗೆದು ಅಂಕೆ ಏರಿಸುತ್ತದೆ. ಜುಲೈನಲ್ಲಿ ಇಂಥ ಅಂಕೆ ನೋಡಿ ಗಾಬರಿಯಾಗುವುದು ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣ, ತಂಪು ರಾತ್ರಿಗಳಲ್ಲಿ, ನೆಲದ ಹತ್ತಿರ ಗಾಳಿ ಕಟ್ಟಿಕೊಂಡು ನಿಂತಾಗ, ಅದು ತೋರಿಸುವ ಏರಿಳಿತಕ್ಕೆ ಬೆಲೆ ಕೊಡಿ.

ಮೀಟರ್ ಇಡುವ ಜಾಗದಿಂದಲೇ ಅರ್ಧ ಕೆಲಸ ಕೆಡುತ್ತದೆ ಅಥವಾ ಸುಧಾರಿಸುತ್ತದೆ. ಒಗ್ಗರಣೆ, ಅಗರಬತ್ತಿ, ಸೊಳ್ಳೆ ಬತ್ತಿಯ ಪಕ್ಕದಲ್ಲಿಟ್ಟರೆ ಅದು ನಿಮ್ಮ ಮನೆಯ ಹೊಗೆಯನ್ನಷ್ಟೇ ಹೇಳುತ್ತದೆ. ಒಮ್ಮೆ ಬೇಕೆಂದೇ ಹಾಗೆ ಇಟ್ಟು ನೋಡುವುದೂ ಒಳ್ಳೆಯದೇ, ಸೊಳ್ಳೆ ಬತ್ತಿ ಉರಿಯುವ ಮುಚ್ಚಿದ ಕೋಣೆಯ ಅಂಕೆ ರಸ್ತೆಯನ್ನು ಮೀರಿಸುವುದನ್ನು ಕಂಡವರು ಮತ್ತೆ ಬತ್ತಿ ಹಚ್ಚುವ ಮುನ್ನ ಯೋಚಿಸುತ್ತಾರೆ. ಹೊರಗಿನ ಗಾಳಿಗಾದರೆ ಬಾಲ್ಕನಿಯಲ್ಲಿ, ಮಳೆ ಬಿಸಿಲು ತಾಗದಂತೆ, ಎಸಿಯ ಹೊರಡಬ್ಬಿಯಿಂದ ದೂರ ಇಡಿ. ಸೊಸೈಟಿಯ ಎರಡು ಮನೆಯವರು ಒಂದೇ ಮಾದರಿಯ ಮೀಟರ್ ಕೊಂಡು ಕೆಲವು ದಿನ ಪಕ್ಕಪಕ್ಕ ಇಟ್ಟು ಎರಡೂ ಒಟ್ಟಿಗೆ ಏರಿಳಿಯುತ್ತವೆಯೇ ನೋಡಿ, ಆಮೇಲೆ ಬೇರೆ ಬೇರೆ ಕಡೆ ಇಟ್ಟರೆ ಆ ಅಂಕೆಗಳ ನಡುವಿನ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ಅಗ್ಗದ ಮೀಟರುಗಳ ಮೇಲೆ ‘ಟಿವಿಒಸಿ’, ‘ಫಾರ್ಮಾಲ್ಡಿಹೈಡ್’, ‘ಕಾರ್ಬನ್ ಡೈಆಕ್ಸೈಡ್’ ಎಂದೆಲ್ಲ ಬರೆದಿದ್ದರೆ ಮರುಳಾಗಬೇಡಿ. ಬಹುಪಾಲು ಅವುಗಳೊಳಗೆ ಒಂದೇ ಲೋಹದ ಆಕ್ಸೈಡಿನ ಸೆನ್ಸಾರ್ ಇರುತ್ತದೆ. ಅತ್ತರು, ಸ್ಯಾನಿಟೈಸರ್, ಈರುಳ್ಳಿ ಒಗ್ಗರಣೆ ಎಲ್ಲಕ್ಕೂ ಒಂದೇ ಥರ ಎಗರುತ್ತದೆ. ಕಾರ್ಬನ್ ಡೈಆಕ್ಸೈಡ್ ನಿಜವಾಗಿ ಅಳೆಯಬೇಕಾದರೆ ಎನ್‌ಡಿಐಆರ್ ಎಂದು ನಮೂದಿಸಿದ್ದನ್ನೇ ಕೊಳ್ಳಿ. ಹೊರಗೆ ಸುಮಾರು 420 ಪಿಪಿಎಂ ಇರುವ ಅದು ಟ್ಯೂಷನ್ ಕ್ಲಾಸಿನಲ್ಲಿ 1,000 ದಾಟಿದರೆ ಕಿಟಕಿ ತೆರೆಯಬೇಕೆಂದು ಅರ್ಥ.

ಎನ್95 ಮಾಸ್ಕ್, ಹೆಪಾ ಫಿಲ್ಟರಿನ ಪ್ಯೂರಿಫೈಯರ್ ಎರಡೂ ತಡೆಯುವುದು ಕಣಗಳನ್ನು. ನಾಲಾದ ಅನಿಲವನ್ನು ಅವು ತಡೆಯವು. ಕೆಮಿಕಲ್ ವಾಸನೆ ದಟ್ಟವಾದರೆ ಕಿಟಕಿ ಮುಚ್ಚಿ, ನೆಲಮಹಡಿಯವರು ಮೇಲಿನ ಮಹಡಿಗೆ ಹೋಗಿ. ಬಯಲಲ್ಲಿದ್ದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಸರಿಯಿರಿ.

ನೀರು, ಟಿಡಿಎಸ್ ಮತ್ತು ಕಂದು ಬಣ್ಣದ ಪ್ರದರ್ಶನ

ವಾಟರ್ ಪ್ಯೂರಿಫೈಯರ್ ಮಾರುವವರು ಎರಡು ಲೋಟ ನೀರಿಟ್ಟು, ನಾಲ್ಕು ಸರಳುಗಳ ಸಾಧನ ಅದ್ದಿ ಕರೆಂಟ್ ಕೊಡುವುದನ್ನು ನೀವು ನೋಡಿರಬಹುದು. ನಲ್ಲಿ ನೀರಿನ ಲೋಟ ನೋಡನೋಡುತ್ತ ಕಂದು ಕೊಳಚೆಯಾಗುತ್ತದೆ, ಆರ್‌ಒ ನೀರು ತಿಳಿಯಾಗೇ ಉಳಿಯುತ್ತದೆ. ಮನೆಯವರು ಹೌಹಾರುತ್ತಾರೆ. ಆ ಕೊಳಚೆ ನೀರಿನದಲ್ಲ, ಸರಳಿನ ಕಬ್ಬಿಣದ್ದು. ನಲ್ಲಿ ನೀರಿನಲ್ಲಿ ಲವಣವಿರುವುದರಿಂದ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಕರೆಂಟ್ ಹೆಚ್ಚು ಹರಿಯುವುದಿಲ್ಲ. ಅವರ ಆರ್‌ಒ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ, ಅದೂ ಕಂದಾಗುತ್ತದೆ.

ಟಿಡಿಎಸ್ ಪೆನ್ ಕೂಡ ಅಳೆಯುವುದು ನೀರು ಎಷ್ಟು ಕರೆಂಟ್ ಹರಿಸುತ್ತದೆ ಎಂಬುದನ್ನೇ. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬಾರವಿ ಅಣೆಕಟ್ಟು, ಉಲ್ಲಾಸ ನದಿಯ ಮಳೆನೀರು ಕುಡಿಯುವ ಈ ಊರುಗಳಲ್ಲಿ ಲವಣ ದೊಡ್ಡ ಸಮಸ್ಯೆಯಲ್ಲ. ಇಲ್ಲಿನ ಸಮಸ್ಯೆ ಗಟಾರದ ಪಕ್ಕದಲ್ಲೇ ಹಾಯುವ ಪೈಪು. ನೀರು ನಿಂತಾಗ ಅದು ಒಡಕಿನಿಂದ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ, ಕಾಮಾಲೆಯ ವೈರಾಣು ಟಿಡಿಎಸ್ ಪೆನ್ನಿಗೆ ಕಾಣುವುದೇ ಇಲ್ಲ. ಅದಕ್ಕಿಂತ ಉಪಯೋಗಕ್ಕೆ ಬರುವುದು ಕ್ಲೋರಿನ್ ಕಿಟ್: ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಎಂದೂ ಇರುತ್ತಿದ್ದ ಕ್ಲೋರಿನ್ ಒಂದು ಬೆಳಿಗ್ಗೆ ಸೊನ್ನೆಯಾಗಿದ್ದರೆ, ಅಥವಾ ಎಂದಿನ ಟಿಡಿಎಸ್ ದಿಢೀರನೆ ದುಪ್ಪಟ್ಟಾಗಿದ್ದರೆ, ಪೈಪು ಒಡೆದಿರಬಹುದು. ನೀರು ಕುದಿಸಿ, ಪಾಲಿಕೆಗೆ ತಿಳಿಸಿ.

ಮೈಯ ಅಂಕೆ, ಊರಿನ ಅಂಕೆ

ಉಬ್ಬಸ ಇರುವವರಿಗೆ ಸ್ಮಾರ್ಟ್ ವಾಚಿಗಿಂತ ನಾನು ಮೊದಲು ಹೇಳುವುದು ಪೀಕ್ ಫ್ಲೋ ಮೀಟರ್. ಬ್ಯಾಟರಿಯೂ ಬೇಡದ ಪ್ಲಾಸ್ಟಿಕ್ ಕೊಳವೆ. ನಿಂತು, ಪೂರ್ತಿ ಉಸಿರು ಎಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲದಲ್ಲಿ ಹೆಚ್ಚಿನದನ್ನು ಬರೆದಿಡಬೇಕು. ಆರಾಮಾಗಿದ್ದಾಗಿನ ನಿಮ್ಮ ಅತ್ಯುತ್ತಮ ಅಂಕೆಯ ಶೇ. 80ರ ಮೇಲಿದ್ದರೆ ಸರಿ, 50ರಿಂದ 80ರ ನಡುವೆ ಇದ್ದರೆ ವೈದ್ಯರು ಬರೆದುಕೊಟ್ಟ ಕ್ರಮ ಪಾಲಿಸಬೇಕು, 50ಕ್ಕಿಂತ ಇಳಿದರೆ ಆಸ್ಪತ್ರೆಗೆ ಹೊರಡಬೇಕು. ಎಷ್ಟೋ ಸಲ ಏದುಸಿರು ಗೊತ್ತಾಗುವ ಮೊದಲೇ ಈ ಅಂಕೆ ಕುಸಿಯತೊಡಗುತ್ತದೆ. ಆಕ್ಸಿಮೀಟರ್ ಬಳಸುವವರು ನೇಲ್ ಪಾಲಿಶ್, ತಣ್ಣನೆಯ ಬೆರಳು ಇವು ಅಂಕೆ ಕೆಡಿಸುತ್ತವೆ ಎಂಬುದನ್ನು ನೆನಪಿಡಿ. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು ಎಂದು 2020ರಲ್ಲಿ ಅಮೆರಿಕದ ವೈದ್ಯರು ತೋರಿಸಿದ್ದಾರೆ. ಬಿಪಿ ಯಂತ್ರದ ಪಟ್ಟಿ ತೋಳಿನ ಅಳತೆಗೆ ಸಣ್ಣದಾದರೆ ಅಂಕೆ ಏರುತ್ತದೆ. ಗ್ಲುಕೋಮೀಟರಿಗೆ ಬೆರಳು ಚುಚ್ಚುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಮಾವಿನಹಣ್ಣು ಹೆಚ್ಚಿದ ಕೈಯ ಸಕ್ಕರೆಯೂ ಅದರ ಲೆಕ್ಕಕ್ಕೆ ಬರುತ್ತದೆ.

ಬೇಸಗೆಗೆ ಕೆಲವು ನೂರು ರೂಪಾಯಿಯ ತಾಪಮಾನ-ತೇವಾಂಶ ಮೀಟರ್ ಒಂದಿರಲಿ. 2023ರ ಏಪ್ರಿಲ್ 16ರಂದು ಖಾರ್ಘರ್‌ನ ಬಯಲಿನಲ್ಲಿ ನಡೆದ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ 14 ಜನ ಸತ್ತರು. ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಒಣನಾಡಿನಲ್ಲಿ ತಡೆದುಕೊಳ್ಳಬಲ್ಲ 38 ಡಿಗ್ರಿಯನ್ನು ಕೊಂಕಣದಲ್ಲಿ ತಡೆಯಲಾಗದು. ಎರಡೂ ಅಂಕೆ ಏರಿದ ಮಧ್ಯಾಹ್ನ ವಯಸ್ಸಾದವರನ್ನು ಹೊರಗೆ ಕಳಿಸಬೇಡಿ.

ಇಷ್ಟೆಲ್ಲ ಅಂಕೆಗಳಿಗೆ ಬೆಲೆ ಬರುವುದು ಒಂದೇ ನೋಟ್‌ಬುಕ್ಕಿನಲ್ಲಿ ಕೂಡಿದಾಗ. ದಿನಾಂಕ ಮತ್ತು ಗಂಟೆ, ವಾಸನೆ ಎಂಥದ್ದು ಮತ್ತು ಗಾಳಿ ಯಾವ ಕಡೆಯಿಂದ, ಮೀಟರಿನ ಅಂಕೆ, ಮನೆಯಲ್ಲಿ ಯಾರಿಗೆ ಏನಾಯಿತು, ಊದಿದ ಅಂಕೆ ಎಷ್ಟು. ಮೂರು ತಿಂಗಳು ಹೀಗೆ ಬರೆದ ಪುಟಗಳು ಕೈಯಲ್ಲಿದ್ದರೆ ಮಗುವಿನ ವೈದ್ಯರ ಪ್ರಶ್ನೆಗಳೇ ಬೇರೆಯಾಗುತ್ತವೆ, ಮಂಡಳಿಯ ಅಧಿಕಾರಿಯ ಉತ್ತರವೂ ಬೇರೆಯಾಗುತ್ತದೆ. ಹತ್ತು ಮನೆಯವರು ಒಂದೇ ರಾತ್ರಿ, ಒಂದೇ ಗಂಟೆಗೆ ಬರೆದದ್ದನ್ನು ಯಾರೂ ಭ್ರಮೆ ಎಂದು ತಳ್ಳಿಹಾಕಲಾರರು.

ನಿಮ್ಮ ಮೀಟರಿನ ಅಂಕೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲದು. 1974ರ ಜಲ ಕಾಯ್ದೆಯಂತೆ ಮಾದರಿ ತೆಗೆದು, ಭಾಗ ಮಾಡಿ, ಸೀಲ್ ಹಾಕುವ ಅಧಿಕಾರ ಮಂಡಳಿಯದು. ಆದ್ದರಿಂದ ನಾಲಾದ ಬಣ್ಣ ಬದಲಾದ ಆ ಗಂಟೆಯಲ್ಲೇ ಅವರನ್ನು ಕರೆಸುವುದು ಮುಖ್ಯ, ಬೆಳಗಾಗುವಷ್ಟರಲ್ಲಿ ನೀರು ಖಾಡಿ ಸೇರಿರುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿ ಕಲ್ಯಾಣದಲ್ಲೇ ಇದೆ. ಅದರ ನಂಬರನ್ನೂ ಇಮೇಲನ್ನೂ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಈಗಲೇ ಬರೆದಿಡಿ. ಸೇತುವೆಯ ಮೇಲಿನಿಂದಲೇ ಫೋಟೊ ತೆಗೆಯಿರಿ, ಕೆಳಗಿಳಿಯಬೇಡಿ. ಟ್ಯಾಂಕರ್ ಕಂಡರೆ ಎದುರಿಗೆ ಹೋಗಿ ಜಗಳಕ್ಕೆ ನಿಲ್ಲದೆ ನಂಬರ್ ಬರೆದುಕೊಂಡು 112ಕ್ಕೆ ತಿಳಿಸಿ. ಯಾರಿಗಾದರೂ ಉಸಿರು ಕಟ್ಟಿದರೆ ಮೊದಲ ಕರೆ 108ಕ್ಕೆ, ದೂರು ಆಮೇಲೆ.